ಎಂಟರ ಲೆಕ್ಕ

ಇಲ್ಲಿ ಮಳೆಯೆಂದರೆ ಮರಳು.
ಪರಾಕಾಸ್ ಎಂಬ ಹೆಸರಿಗೂ ಅದೇ ಅರ್ಥವಂತೆ.
ಮಧ್ಯಾಹ್ನ ಕಳೆದು ಗಾಳಿ ಎದ್ದಿತೆಂದರೆ
ಸಾರಿನಲ್ಲಿ ಮರಳು, ರೆಪ್ಪೆಯಲ್ಲಿ ಮರಳು,
ಬೀಗದ ಕಣ್ಣಲ್ಲೂ.
ನೀರಿನ ಹನಿ ಬಿದ್ದದ್ದು ನನ್ನ ನೆನಪಿನಲ್ಲಿ ಎರಡೇ ಸಲ,
ಅದರಲ್ಲೊಂದು ಬರೀ ಮಂಜಿದ್ದೀತು.

ಅಪ್ಪ, ತಿಬುರ್ಸಿಯೊ ವಾರ್ಕಾಯ,
ಹತ್ತರವರೆಗೆ ಎಣಿಸುವುದಿಲ್ಲ.
ಎಡಗೈಯ ಎರಡು ಬೆರಳು ಡೈನಮೈಟಿನ ಪಾಲಾಗಿ
ಮೂವತ್ತು ವರ್ಷ.
ಆಗ ಅವನು ಈ ಕೊಲ್ಲಿಯ ಕಳ್ಳ.
ಬತ್ತಿ ಹೊತ್ತಿಸಿ ಎಸೆದರೆ ಸಾಕು,
ಬೆಳ್ಳಿ ಹೊಟ್ಟೆಗಳು ಅಂಗಾತ ತೇಲುತ್ತಿದ್ದವಂತೆ
ಬಾಚಿಕೊಳ್ಳಲು ಪುರುಸೊತ್ತಿಲ್ಲದಷ್ಟು.
ಅವತ್ತೊಂದು ದಿನ ಬತ್ತಿ ಗಿಡ್ಡವಿತ್ತು.

ಈಗ ಅದೇ ಕೊಲ್ಲಿಗೆ ಅವನೇ ಕಾವಲು.
ಹಸಿರು ಟೋಪಿ, ಸರ್ಕಾರದ ದುರ್ಬೀನು, ಒಂದು ರಿಜಿಸ್ಟರು.
ಬಂಡೆಯ ಮೇಲೆ ಕೂತು ಉಳಿದ ಬೆರಳುಗಳಲ್ಲಿ ಎಣಿಸುತ್ತಾನೆ:
ಕಡಲ ಸಿಂಹ ನಾಲ್ಕು ಎಂಟು, ಮೇಲೆ ಮೂರು,
ಪೆಲಿಕನ್ ಹನ್ನೊಂದು ಎಂಟು,
ಸತ್ತದ್ದು ಒಂದು, ಬಲೆ ಕುತ್ತಿಗೆಗೆ ಬಿಗಿದು.
ಯಾರಾದರೂ ನಕ್ಕರೆ ಕೇಳುತ್ತಾನೆ,
ದಿಕ್ಕುಗಳೆಷ್ಟು? ಆಕ್ಟೋಪಸ್ಸಿಗೆ ಕೈ ಎಷ್ಟು?
ಹತ್ತು ಎಂಬುದು ನೆಲದವರ ಹಟ ಕಣೋ.
ರಾತ್ರಿ ದೀಪದ ಕೆಳಗೆ ಕೂತು
ಅವನ ಎಂಟುಗಳನ್ನು ನಾನು ಹತ್ತುಗಳಾಗಿ ಒಡೆದು
ಆಫೀಸಿಗೆ ಬರೆದುಕೊಡುತ್ತೇನೆ.

ಹಗಲು ನನ್ನ ಕೆಲಸ ಬೇರೆ.
ಮ್ಯೂಸಿಯಮ್ಮಿನ ಹಿಂದಿನ ಕೋಣೆ, ಕಿಟಕಿಯಿಲ್ಲ.
ಎರಡು ಸಾವಿರ ವರ್ಷದ ಹೊದಿಕೆಯ ಮೇಲಿನ ಧೂಳನ್ನು
ಅಂಗೈಯಗಲ ತೆಗೆಯಲು ಒಂದು ವಾರ.
ಸತ್ತವರನ್ನು ಕೂರಿಸಿ, ಸುತ್ತಿ, ಮತ್ತೆ ಸುತ್ತಿ
ಮರಳಿಗೆ ಕೊಟ್ಟ ಜನ ಅವರು.
ಬಟ್ಟೆಯ ತುಂಬ ಹಾರುವ ಮನುಷ್ಯರು,
ಬಿಚ್ಚಿದ ಕೂದಲು, ಕೈಯಲ್ಲೊಂದು ಮೀನು.
ಕೊನೆಯ ಮೂಲೆಯವನಿಗೆ ಮಾತ್ರ ಬರೀ ಅಂಚಿನ ಗೆರೆ,
ಬಣ್ಣ ತುಂಬಿಲ್ಲ.
ಮುಳ್ಳಿನ ಸೂಜಿ ಇನ್ನೂ ಅಲ್ಲೇ ಚುಚ್ಚಿಕೊಂಡಿದೆ,
ಈಗ ಬಂದೆ ಎಂದು ಎದ್ದವಳು
ಬರಲೇ ಇಲ್ಲ.
ದಿನವೂ ಬ್ರಷ್ಷು ಅದನ್ನು ಸುತ್ತಿ ಹೋಗುತ್ತದೆ.

ಮಂಗಳವಾರ ಅಪ್ಪ ತಡವಾಗಿ ಬಂದ.
ಟ್ಯಾಂಕರಿನ ನೀರು ಅಳೆದು ಬಳಸುವ ಮನೆಯಲ್ಲಿ
ಎರಡೆರಡು ಸಲ ಕೈ ತೊಳೆದ.
ಆದರೂ ಹೆಬ್ಬೆರಳ ಉಗುರಿನಡಿ
ಕೂದಲೆಳೆಯಷ್ಟು ಕೆಂಪು.
ರಕ್ತವಲ್ಲ. ರಕ್ತ ಸಂಜೆಯ ಹೊತ್ತಿಗೆ ಕಪ್ಪಾಗುತ್ತದೆ.
ಬೇರು ಅರೆದು ಕುದಿಸಿ ತೆಗೆದ ಆ ಕೆಂಪನ್ನು
ಕಣ್ಣು ಮುಚ್ಚಿದರೂ ನಾನು ಗುರುತಿಸಬಲ್ಲೆ.

ಏನಾದರೂ ಕಂಡಿತೇನಪ್ಪ, ಇವತ್ತು?
ಪೆಂಗ್ವಿನ್, ಎಂಟು.
ಚಮಚದಲ್ಲಿ ಸಾರು ತಿರುವಿದ. ಮತ್ತೆ ತಿರುವಿದ.
ಒಂದು ಮರಿ ಕೂಡ. ಚಿಕ್ಕದು.
ಗಾಳಿ ಹೊದಿಕೆ ಎಳೆದುಬಿಟ್ಟಿತ್ತು.
ಆಮೇಲೆ?
ಸಂಜೆಯವರೆಗೆ ಅಡ್ಡ ಕೂತಿದ್ದೆ. ಮುಚ್ಚಿ ಬಂದೆ.

ಪೆಂಗ್ವಿನ್ ಮರಿಗೆ ಹೊದಿಕೆ ಯಾರು ಹೊಲಿದರು
ಎಂದು ನಾನು ಕೇಳಬೇಕಿತ್ತು.
ವರದಿ ಮಾಡುವುದು ನನ್ನ ಕರ್ತವ್ಯ; ಸಹಿ ಹಾಕಿದ್ದೇನೆ.
ಅಂಗೈಯಗಲದ ಅಂಥ ತುಣುಕಿಗಾಗಿ
ಸಮುದ್ರ ದಾಟಿ ಬರುವ ಜನರಿದ್ದಾರೆ,
ಕತ್ತಲಲ್ಲಿ ಕಬ್ಬಿಣದ ಸರಳು ಹಿಡಿದು ಬರುವವರೂ.
ಇನ್ನೊಂದು ರೊಟ್ಟಿ ಹಾಕಲೇ ಎಂದೆ.

ರಾತ್ರಿ ರಿಜಿಸ್ಟರು ಬಿಚ್ಚಿದೆ.
ಪೆಂಗ್ವಿನ್ ಸಾಲಿನಲ್ಲಿ ಎಂಟು ಗೀಟು,
ಪಕ್ಕದಲ್ಲಿ ಇನ್ನೊಂದು ಎಳೆದು ಹೊಡೆದುಹಾಕಿದ್ದಾನೆ,
ಕಾಗದ ಹರಿಯುವಷ್ಟು.
ಎಂಟು ಎಂದೇ ಬರೆದೆ.
ಹತ್ತಕ್ಕೆ ಒಡೆಯುವ ಪ್ರಮೇಯ ಬರಲಿಲ್ಲ.

ಬೆಳಿಗ್ಗೆ ದುರ್ಬೀನಿನ ಜೊತೆ
ಅಮ್ಮನ ಹಳೆಯ ಜರಡಿಯನ್ನೂ ಚೀಲಕ್ಕೆ ತುರುಕಿದ.
ಮರಳಿನ ಮೇಲೆ ಮರಳು, ಅದಕ್ಕೆ ಜರಡಿ ಯಾಕೆ?
ನುಣ್ಣಗಿರಲಿ, ಎಂದ, ಯಾರಿಗೋ ಎಂಬಂತೆ.
ಗಾಳಿ ಆಗಲೇ ಎದ್ದಿತ್ತು, ದಕ್ಷಿಣದಿಂದ.