ಹೇನಿನ ಲೆಕ್ಕ

ಗೊರೂರು ಹಿನ್ನೀರಿನ ದಡದಲ್ಲಿ
ತಗಡಿನ ಶೆಡ್ಡು, ಒಂದು ಸೂಕ್ಷ್ಮದರ್ಶಕ, ಒಂದು ಚಿಮುಟ.
ತಿಂಗಳಿಗೆ ಅರವತ್ತು ಮೀನು ನನ್ನ ಪಾಲಿಗೆ:
ಮೂವತ್ತು ಪಂಜರದ್ದು,
ಮೂವತ್ತು ದ್ಯಾವಮ್ಮನ ಬಲೆಯದ್ದು.

ಅಚ್ಚಾದ ಹಾಳೆಯಲ್ಲಿ ಏಪ್ರಿಲ್, ಜೂನ್, ಆಗಸ್ಟ್.
ದ್ಯಾವಮ್ಮನ ಬಾಯಲ್ಲಿ ಭರಣಿ, ಆರಿದ್ರೆ, ಮಖೆ.
ಎರಡನ್ನೂ ಬರೆದುಕೊಳ್ಳುತ್ತೇನೆ,
ಹಾಳೆಯದು ಸಾಹೇಬರಿಗೆ, ಅಂಚಿನದು ನನಗೆ.

ಭರಣಿಗೆ ನೀರು ಉಗುರುಬೆಚ್ಚಗೆ.
ಪಂಜರದ ರೋಹುವಿನ ಬೆನ್ನ ಮೇಲೆ
ಹೇನು, ಹೇನು, ಹೇನು.
ಹುರುಪೆಗಿಂತ ತೆಳು,
ಕನ್ನಡಕ ಹಾಕಿಕೊಂಡಂತೆ ಎರಡು ಹೀರುಬಟ್ಟಲು,
ಎಬ್ಬಿಸಿದರೆ ಕೆಳಗೊಂದು ಕೆಂಪು ಚುಕ್ಕೆ.
ಒಂದೇ ಮೀನಿಗೆ ನಲವತ್ತೇಳು. ಜಾತಿ ಒಂದೇ.
ಹಾಸ್ಟೆಲಿಂದ ಬಂದವಳ ತಲೆಯನ್ನು
ಅವ್ವ ಮಂಡಿ ನಡುವೆ ಒತ್ತಿ ಹಿಡಿದು
ಅಲುಗಬೇಡ ಅಂದದ್ದು ನೆನಪಾಗುತ್ತದೆ.
ಸೀರಣಿಗೆ ಎಳೆದಷ್ಟೂ ಸೀರು.
ಒತ್ತೊತ್ತಾಗಿ ಮಲಗಿದವರ ತಲೆಯೆಲ್ಲ ಒಂದೇ.

ಹೊಳೆ ಮೀನು ಬೇರೆ.
ಮೈಮೇಲೆ ಎರಡೋ ಮೂರೋ. ಹೊಟ್ಟೆ ಸೀಳಿದರೆ
ಮುಳ್ಳುಮೂತಿಯದೊಂದು, ಲಾಡಿಯಂಥದೊಂದು,
ಕಣ್ಣೊಳಗೆ ಕಾದು ಕೂತ ಚಪ್ಪಟೆ ಮರಿ.
ಅದಕ್ಕೆ ಮೊದಲು ಬಸವನಹುಳು ಬೇಕು,
ಆಮೇಲೆ ಈ ಮೀನು,
ಈ ಮೀನನ್ನು ನುಂಗಲು ಒಂದು ನೀರುಕಾಗೆ.
ಬೀಗರೂಟಕ್ಕೆ ಎಲೆ ಹಾಕುವವಳ ಹಾಗೆ ಎಣಿಸುತ್ತೇನೆ:
ಹನ್ನೊಂದು ಜಾತಿ, ಇಪ್ಪತ್ತಾರು ಜೀವ.
“ಇಷ್ಟು ನೆಂಟರು ಮೈಯೊಳಗಿದ್ದೂ ಈಜ್ತದಲ್ಲ”
ಅಂದಳು ದ್ಯಾವಮ್ಮ, ಎಲೆಅಡಿಕೆ ಉಗಿದು.

ಆರಿದ್ರೆಗೆ ಕೆಂಪು ನೀರು ಬಂತು.
ಹೇನಿನ ಕಾಲಂ ಇಳಿಯಿತು. ಹದಿನಾಲ್ಕು. ಆರು. ಎರಡು.
ಪಂಜರದ ಜಬೀವುಲ್ಲ ಉಪ್ಪಿನ ಮೂಟೆ ಮೂಲೆಗೆ ತಳ್ಳಿ
ಅಲ್ಲೇ ತಲೆಯಿಟ್ಟು ಮಧ್ಯಾಹ್ನವೆಲ್ಲ ಮಲಗಿದ.
ಹೊಳೆ ಮೀನಿನ ಕಾಲಂ ಮಾತ್ರ
ಮಳೆಗೆ ಇನ್ನೊಂದು ಹೆಸರು ಕಲಿತಿತ್ತು, ಹನ್ನೆರಡನೆಯದು,
ನನಗಿನ್ನೂ ಗುರುತು ಸಿಕ್ಕಿಲ್ಲ.

ಚಿತ್ತೆ ಬಿಸಿಲು ಮರಳಿ ಕಾಯಿಸಿತು.
ಸ್ವಾತಿಯ ಒಂದು ಬೆಳಿಗ್ಗೆ ದ್ಯಾವಮ್ಮ
ಹರಗೋಲು ಕಟ್ಟುವ ಮೊದಲೇ ಬಂದು
ಮೇಜಿನ ಮೇಲೆ ಒಂದು ಗೆಂಡೆ ಕುಕ್ಕಿದಳು.
ಬೆನ್ನ ತುಂಬ ಕನ್ನಡಕ.
“ಯಾರ ಮನೆ ಹೇನು ಇದು?”
ಜಬೀವುಲ್ಲ ಬಲೆಯ ಗಂಟು ನೋಡುತ್ತ ಅಂದ,
“ಮೊದಲು ಹೊಳೆಯಿಂದಲೇ ಬಂದದ್ದಲ್ವಾ ಅಕ್ಕ?”
“ಬಂದದ್ದು ಎರಡು. ನೀನು ವಾಪಸು ಕೊಟ್ಟದ್ದು ಇಪ್ಪತ್ತು.”

ಇಬ್ಬರೂ ನನ್ನ ಪುಸ್ತಕದ ಕಡೆ ನೋಡಿದರು.
ಅಲ್ಲಿ ಉದ್ದ ಇತ್ತು, ತೂಕ ಇತ್ತು, ನೀರಿನ ಬಿಸಿ ಇತ್ತು.
ಗಾಜಿನ ತಟ್ಟೆಯಲ್ಲಿ ಒಂದು ಹೇನು ಮೀನನ್ನು ಬಿಟ್ಟು
ಸುಮ್ಮನೆ ಸುತ್ತು ಹೊಡೆಯುತ್ತಿತ್ತು, ಯಾರದೂ ಅಲ್ಲದೆ.
ಅಂಚಿನಲ್ಲಿ “ಸ್ವಾತಿ” ಅಂತ ಬರೆದೆ.
ಮುಂದೇನು ಬರೆಯಲಿ ಅಂತ ಯೋಚಿಸುವಾಗ
ಕೈ ತಾನಾಗಿ ತಲೆಗೆ ಹೋಯಿತು.