ಕೊನೆಯ ಸಾಲಿನದು ತಪ್ಪಲ್ಲ

ರಾತ್ರಿ ಹನ್ನೊಂದೂವರೆ, ತುಂಗೆಯ ದಂಡೆಯ ಪಂಪ್‌ಹೌಸು.
ವಾಲ್ವುಗಳ ಲೆಕ್ಕ ಇಡುವ ಈ ಪೆಟ್ಟಿಗೆಯ ಕರ್ನಲ್
ಎರಡು-ಆರು-ಹದಿನೆಂಟು. ಬದಲಿಸುವ ಹಾಗಿಲ್ಲ:
ಮೋಟಾರಿನ ಜೊತೆ ಮಾತಾಡುವ ಕಾರ್ಡಿಗೆ ಇದೊಂದೇ ನಂಟು,
ಕಾರ್ಡಿನ ಕಂಪನಿ ಬಾಗಿಲು ಹಾಕಿ ಯಾವ ಕಾಲವೋ.

ನಲವತ್ತೆರಡು ಸಾಲಿನ ಫೈರ್‌ವಾಲ್ ಬರೆದು ತಂದಿದ್ದೆ.
ಎಂಟರ್ ಒತ್ತಿದೆ.
‘ನಲವತ್ತೆರಡನೇ ಸಾಲು ಸೋತಿದೆ.’
ಅಲ್ಲಿರುವುದು ಒಂದೇ ಪದ, ಕಮಿಟ್.
ಮೇಲಿನ ಅಷ್ಟನ್ನೂ ಒಪ್ಪಿಸಿಕೋ ಎಂದು ಕೈಮುಗಿದು ನಿಂತದ್ದು.
ಇದರಲ್ಲಿ ತಪ್ಪೆಲ್ಲಿ ಹುಡುಕಲಿ?
ಮೇಲೆ ಯಾರೋ ಎಡವಿದ್ದಾರೆ,
ಬೈಗುಳ ಬಾಗಿಲ ಬಳಿ ನಿಂತವನಿಗೆ.

ಒಂದೊಂದೇ ಸಾಲು ಕೈಯಾರೆ ಹೊಡೆಯುತ್ತ ಬಂದೆ.
ಹದಿನಾಲ್ಕರಲ್ಲಿ ಬಾಯಿಬಿಟ್ಟಿತು:
‘ಆ ಹೆಸರಿನವರು ಇಲ್ಲಿಲ್ಲ.’
ಇದೇ ಸಾಲು ಮಧ್ಯಾಹ್ನ ಗೋಪಾಳದಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ
ಕೆಮ್ಮದೆ ಓಡಿತ್ತು.

ಫ್ಲಾಸ್ಕು ಹಿಡಿದು ಬಂದ ಹಾಲೇಶಪ್ಪ, “ಕೂರ್ಲಿಲ್ವಾ ಮೇಡಂ ಗೇಟು?” ಎಂದರು.
ಇಲ್ಲ ಎಂದೆ. ಮುದಿ ಯಂತ್ರ, ಕಿವಿ ಮಂದ ಎಂದೆ.
ಅವರು ಸ್ಟೂಲು ಎಳೆದುಕೊಂಡು ಬೇರೆಯದೇ ತೆಗೆದರು.
ಹೊನ್ನಾಳಿಯ ಹುಡುಗ, ಕೋಣಂದೂರಿನ ಕಡೆ ಹೊಸದಾಗಿ ಡ್ಯೂಟಿ,
“ಗೇಟ್ ಹಾಕ್ಕಳ್ರಿ, ದನ ನುಗ್ತಾವೆ” ಅಂತ
ಗದ್ದೆಯಂಚಿನ ಅಜ್ಜಿಗೆ ಮೂರು ಸಲ ಕೂಗಿದರಂತೆ.
ಅಜ್ಜಿ ನಕ್ಕು ನಿಂತಿತಂತೆ. ದನ ನುಗ್ಗಿದವು.
“ದಣಪೆ ಅನ್ಬೇಕಿತ್ತು ನಾನು.
ಕಿವಿ ಚೆನ್ನಾಗೇ ಇತ್ತು ಆಯಮ್ಮಂದು.”

ಲೋಟ ಕೆಳಗಿಟ್ಟೆ.
ಈ ಕರ್ನಲ್ ಬಲ್ಲ ಹೆಸರುಗಳ ಪಟ್ಟಿ ತೆಗೆದರೆ ಏಳೇ ಏಳು.
ಕಾನ್‌ಟ್ರ್ಯಾಕ್ ಇಲ್ಲ. ಸ್ಟೇಟ್ ಇದೆ.
ಕೆಲಸ ಅದೇ, ಒಳಗಿನವರು ಮಾತಾಡಿಸಿದವರ ಮರುತ್ತರವನ್ನು
ಗುರುತು ಹಿಡಿದು ಒಳಬಿಡುವುದು.
ಹಳೇ ಹೆಸರು ಹಿಡಿದು ಕರೆದೆ.
ಹದಿನಾಲ್ಕು ತುಟಿ ಪಿಟಕ್ಕೆನ್ನಲಿಲ್ಲ.

ಇಪ್ಪತ್ತೊಂಬತ್ತರಲ್ಲಿ ಮತ್ತೆ ಅದೇ ರಾಗ.
ಈ ಸಲ ಸೇರದ್ದು ನನ್ನ ಟಿಪ್ಪಣಿ:
ಈ ವಿಳಾಸವನ್ನು ಯಾಕೆ ತಡೆದೆ, ಯಾವ ತಾರೀಕು,
ಮೂರು ರಾತ್ರಿ ಯಾರು ಎಲ್ಲಿಂದ ಬಾಗಿಲು ತಟ್ಟಿದ್ದು.
ಅಪ್ಪಣೆ ಕೇಳುತ್ತದೆ ಇದು;
ಕಾರಣ ಇಟ್ಟುಕೊಳ್ಳಲು ಇದರೊಳಗೆ ಜಾಗವಿಲ್ಲ.
ಅಳಿಸಿದೆ, ಒಂದಿಷ್ಟು ಸಂಕಟದಿಂದಲೇ.

ಎರಡೂ ಹತ್ತಕ್ಕೆ ನಲವತ್ತೆರಡೂ ನಿಂತವು.
ಕಮಿಟ್‌ಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಆಮೇಲೆ ಹಾಲೇಶಪ್ಪನ ರಿಜಿಸ್ಟರಿನಲ್ಲಿ
‘ಒಂದನೇ ಮೋಟಾರು ಬಿಸಿ, ಎರಡನೇದು ಗ್ರೀಸ್ ಹಾಕಿದೆ’
ಎಂಬುದರ ಕೆಳಗೆ, ಅವರದೇ ನೀಲಿ ಪೆನ್ನಿನಲ್ಲಿ,
ಕಾರಣಗಳನ್ನೆಲ್ಲ ಬರೆದೆ.
ಕನ್ನಡಕ ಏರಿಸಿ ಓದಿದರು, ಬೆರಳಿಟ್ಟು, ನಿಧಾನ.
“ಇಲ್ಲೊಂದು ಸೈನ್ ಹಾಕಿ” ಎಂದರು.