ಎಡಹುಬ್ಬು

ಬೈತಖೋಲದ ದಕ್ಕೆಯಲ್ಲಿ ಒಡೆದ ದೋಣಿಯ ಹಲಗೆ,
ಮಾವಿನದು, ಇನ್ನೂರು ರೂಪಾಯಿಗೆ ಕೊಂಡೆ.
ಉಪ್ಪು ಕುಡಿದ ಮರ. ಉಳಿ ಇಟ್ಟರೆ
ಒಣ ಬಂಗಡೆಯ ವಾಸನೆ ಏಳುತ್ತದೆ.

ಹೊತ್ತು ತಂದವನು ಜುಜೆ ಸಿದ್ದಿ,
ಯಲ್ಲಾಪುರದ ಕಡೆಯವ, ದೋಣಿಗೆ ತೇಪೆ ಹಾಕುವ ಬಡಗಿ.
ಕೂತುಕೊಳ್ಳಿ ಅಂದೆ, ಮುಖ ಬೇಕು.
"ಎಷ್ಟು ಹೊತ್ತು?"
ಭರತ ಏರುವವರೆಗೆ.

ಗೋಡೆಗೆ ನಾನು ಅಂಟಿಸಿದ್ದ ಜೆರಾಕ್ಸ್ ಹಾಳೆ:
ನೂರು ವರ್ಷದ ಹಿಂದೆ ಜರ್ಮನಿಯ ಚಳಿಯಲ್ಲಿ
ಯಾರೋ ಹುಡುಗರು ಕೊರೆದ ಚೂಪು ಕೆನ್ನೆಗಳು.
ಅವರು ಮ್ಯೂಸಿಯಮ್ಮಿನ ಗಾಜಿಗೆ ಮೂಗು ಒತ್ತಿ
ಆಫ್ರಿಕದ ಮುಖವಾಡ ನೋಡಿದ್ದರಂತೆ.
ಕೆಳಗಿನ ಚೀಟಿಯಲ್ಲಿ
ಊರಿನ ಹೆಸರು, ತಂದ ಹಡಗಿನ ಹೆಸರು;
ಕೆತ್ತಿದವನಿಗೆ ಜಾಗ ಸಾಲಲಿಲ್ಲವೇನೋ.

ಇಷ್ಟೆಲ್ಲ ಜುಜೆಗೆ ಹೇಳಿದೆ.
ಹೇಳುತ್ತ ಹೇಳುತ್ತ ಅವನ ಕೆನ್ನೆಯನ್ನೂ
ಚೂಪು ಮಾಡುತ್ತಿದ್ದೆ, ತುಟಿಗೆ
ಒಂದು ಖಂಡದ ದಪ್ಪ ಕೊಡುತ್ತಿದ್ದೆ.
ಅವನು ಹಲಗೆಯತ್ತ ಬಗ್ಗಿದ:
"ಬಾಯಿ, ಎಳೆಗೆ ಎದುರು ಹೋಗ್ತಿದ್ದೀರಿ, ಸಿಬಿರು ಏಳ್ತದೆ."
ಉಳಿ ಇಸಿದುಕೊಂಡು ಒಂದೇ ನೂಕು.
ಈರುಳ್ಳಿ ಸಿಪ್ಪೆಯಂಥ ಸುರುಳಿ.
"ಮರ ಯಾವ ಮಗ್ಗುಲಿಗೆ ಮಲಗಿದೆ ನೋಡಿ ಎಬ್ಬಿಸಬೇಕು."

ನಿಮ್ಮ ಹಿರಿಯರು ಎಲ್ಲಿಂದ?
ಕೇಳಬಾರದಿತ್ತು, ಕೇಳಿದೆ.
"ಇಡಗುಂದಿ."
ಅದಕ್ಕೂ ಮೊದಲು?
"ಇಡಗುಂದಿಗೂ ಮೊದಲು ಕಾಡು."
ನಕ್ಕ.

ತುಟಿಯ ಅಂಚು ಎರಡು ನೂಲು ಹೆರೆದೆ.
ಕೆನ್ನೆಯಿಂದ ಹೋದ ಮರ
ಮರಳಿ ಬರಲಿಲ್ಲ.

ಶಾಯಿ ಉರುಳಿಸಿ, ಹಾಳೆ ಹೊದಿಸಿ
ಸಾರಿನ ಸೌಟಿನ ಬೆನ್ನಿಂದ ಉಜ್ಜಿದೆ.
ಉಳಿ ಹೋದಲ್ಲೆಲ್ಲ ಬಿಳಿ.
ಕಪ್ಪು ಅಂದರೆ ನಾನು ಮುಟ್ಟದೆ ಬಿಟ್ಟ ಮರ,
ಹಣೆಯ ನಡುವೆ ದೋಣಿಯ ಹಳೇ ಮೊಳೆಯ ತೂತು.
ಎತ್ತಿದಾಗ ಎದೆ ಧಸಕ್ಕೆಂದಿತು:
ಎಡಹುಬ್ಬಿನ ಗಾಯ ಬಲಕ್ಕೆ ಹೋಗಿತ್ತು.
ಉಲ್ಟಾ ಬರೆದುಕೊಳ್ಳಲು ಮರೆತಿದ್ದೆ,
ಮೊದಲ ವರ್ಷದ ಹುಡುಗರು ಮಾಡುವ ತಪ್ಪು.

ಜುಜೆ ಒದ್ದೆ ಹಾಳೆಯ ತುದಿ ಹಿಡಿದು ಬಹಳ ಹೊತ್ತು ನಿಂತ.
"ಕೆನ್ನೆ ಯಾರದೋ," ಅಂದ. "ಗಾಯ ಸರೀ ಇದೆ.
ದಿನಾ ಗಡ್ಡ ಹೆರೆಯುವಾಗ
ನಂಗೆ ಈ ಕಡೆಗೇ ಕಾಣೂದು."

ಭರತ ಏರಿತ್ತು. ಕೊರೆದು ಉಳಿದ
ಗೇಣುದ್ದದ ತುಂಡು ಕಂಕುಳಲ್ಲಿಟ್ಟು ಇಳಿದು ಹೋದ.
ದಕ್ಕೆಯಲ್ಲಿ ಒಂದು ದೋಣಿಗೆ
ಅಷ್ಟೇ ಬೇಕಿತ್ತಂತೆ.